ಬಡ್ಡಿ, ಪಾಲು, ಸಟ್ಟಾ: ಕ್ರೈಸ್ತ ಧರ್ಮವಿಚಾರದಲ್ಲಿ ಷೇರು ಬಂಡವಾಳ

ಬ್ಯಾಂಕಿನಲ್ಲಿ ಮುದ್ದತು ಠೇವಣಿಯಿಟ್ಟು ವರ್ಷವರ್ಷವೂ ನಿಶ್ಚಿತವಾದ ಬಡ್ಡಿಯನ್ನು ಪಡೆಯುವ ಭಕ್ತನು ತನ್ನ ಮನಸ್ಸಾಕ್ಷಿಯ ವಿಷಯದಲ್ಲಿ ನಿಶ್ಚಿಂತನಾಗಿರುತ್ತಾನೆ. ಅದೇ ಹಣವನ್ನು ಕಂಪನಿಯೊಂದರ ಷೇರಿನಲ್ಲಿ ತೊಡಗಿಸಿದವನು ಮಾತ್ರ ತಾನು ಜೂಜಿನ ಕಟ್ಟೆಗೆ ಕಾಲಿಟ್ಟೆನೋ ಏನೋ ಎಂದು ಸಂಕೋಚಪಡುತ್ತಾನೆ. ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಈ ಭಾವನೆ ಬೇರೂರಿದೆ. ಕ್ರೈಸ್ತರಲ್ಲದವರ ಮನೆಗಳಲ್ಲಿಯೂ ಅದು ಅಪರೂಪವಲ್ಲ. ಆದರೆ ಕ್ರೈಸ್ತ ಧರ್ಮಶಾಸ್ತ್ರದ ಚರಿತ್ರೆಯನ್ನು ಬಿಡಿಸಿ ನೋಡಿದರೆ ತಕ್ಕಡಿಯು ವಿರುದ್ಧ ದಿಕ್ಕಿಗೆ ವಾಲುತ್ತದೆ. ಸಾವಿರ ವರ್ಷಗಳಿಗೂ ಮಿಕ್ಕಿ ಆ ಧರ್ಮದ ಆಚಾರ್ಯರು ಪಾಪವೆಂದು ಬಗೆದುದು ನಿಶ್ಚಿತವಾದ ಬಡ್ಡಿಯನ್ನು. ನಷ್ಟಕ್ಕೆ ಮೈಯೊಡ್ಡಿ ಪಾಲಿಗೆ ಸೇರಿದವನ ಲಾಭವು ಅವರ ದೃಷ್ಟಿಯಲ್ಲಿ ನ್ಯಾಯವಾದ ಗಳಿಕೆಯೇ ಆಗಿದ್ದಿತು. ಈ ವಿಪರ್ಯಾಸವು ಹೇಗೆ ಉಂಟಾಯಿತೆಂಬುದನ್ನು ತಿಳಿಯದೆ, ಕ್ರೈಸ್ತನು ಷೇರು ಕೊಳ್ಳಬಹುದೆ ಬಾರದೆ ಎಂಬ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರ ಹೇಳುವುದು ದುಡುಕಾದೀತು.

ಬಡ್ಡಿಯ ನಿಷೇಧಕ್ಕೆ ಮೂಲವು ಹಳೆಯ ಒಡಂಬಡಿಕೆಯಲ್ಲಿದೆ. ವಿಮೋಚನಕಾಂಡದ 22ನೆಯ, ಯಾಜಕಕಾಂಡದ 25ನೆಯ, ಧರ್ಮೋಪದೇಶಕಾಂಡದ 23ನೆಯ ಅಧ್ಯಾಯಗಳಲ್ಲಿ ಅದು ಮೂರು ಬಾರಿ ಬರುತ್ತದೆ. ಮೊದಲ ಎರಡು ಕಡೆಗಳಲ್ಲಿ ಸಂದರ್ಭವು ಸ್ಪಷ್ಟವಾಗಿದೆ: ಸಾಲ ಕೇಳಲು ಬಂದವನು ಬಡವ, ಕಷ್ಟಕ್ಕೆ ಸಿಕ್ಕಿದ ನೆರೆಯವ. ಅವನ ಸಂಕಟವನ್ನೇ ಗಳಿಕೆಯ ದಾರಿಯಾಗಿ ಮಾಡಿಕೊಳ್ಳಬಾರದೆಂಬುದು ಅಲ್ಲಿಯ ವಿಧಿ. ಮೂರನೆಯ ಕಡೆಯಲ್ಲಿ ಪರದೇಶಿಯಿಂದ ಬಡ್ಡಿ ಪಡೆಯಲು ಅನುಮತಿಯುಂಟು. ಈ ಒಂದು ವಾಕ್ಯವು ಮುಂದೆ ಯೂರೋಪಿನಲ್ಲಿ ಯೆಹೂದ್ಯರ ಬಾಳಿಗೆ ತಂದೊಡ್ಡಿದ ಕಷ್ಟಕೋಟಲೆಗಳೇ ಬೇರೊಂದು ಪ್ರಬಂಧಕ್ಕೆ ವಿಷಯವಾದಾವು. ಹೊಸ ಒಡಂಬಡಿಕೆಯಲ್ಲಿ ಲೂಕನ ಸುವಾರ್ತೆಯ 6ನೆಯ ಅಧ್ಯಾಯವು ಮತ್ತೂ ಮುಂದೆ ಹೋಗಿ, ಹಿಂದಿರುಗಿ ಬಂದೀತೆಂಬ ಆಸೆಯನ್ನೇ ಇಟ್ಟುಕೊಳ್ಳದೆ ಸಾಲ ಕೊಡಬೇಕೆಂದು ಬೋಧಿಸುತ್ತದೆ.

ಇಷ್ಟಿದ್ದರೂ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮ್ಯವು ಓದುಗನನ್ನು ಗೊಂದಲಕ್ಕೀಡುಮಾಡುತ್ತದೆ. ಯಜಮಾನನು ಪರಸ್ಥಳಕ್ಕೆ ಹೊರಡುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ಎಂಬಂತೆ ತಲಾಂತುಗಳನ್ನು ಒಪ್ಪಿಸುತ್ತಾನೆ. ತಲಾಂತೆಂದರೆ ಸಣ್ಣ ಮೊತ್ತವಲ್ಲ. ಅದು 6,000 ದಿನಾರಿಗಳಿಗೆ ಸಮ, ಅಂದರೆ ಕೂಲಿಯಾಳೊಬ್ಬನ 6,000 ದಿನಗಳ ಸಂಬಳ. ವ್ಯಾಪಾರ ಮಾಡಿ ಇಮ್ಮಡಿಗೊಳಿಸಿದ ಇಬ್ಬರಿಗೆ ಮೆಚ್ಚುಗೆಯೂ, ಹೆದರಿ ನೆಲದಲ್ಲಿ ಹೂತಿಟ್ಟವನಿಗೆ ಗದರಿಕೆಯೂ ಸಲ್ಲುತ್ತವೆ. ಸಾಹುಕಾರರ ಬಳಿಯಲ್ಲಾದರೂ ಇಟ್ಟಿದ್ದರೆ ಬಡ್ಡಿ ಸಹಿತ ಬರುತ್ತಿತ್ತಲ್ಲವೆ ಎಂಬುದು ಯಜಮಾನನ ಆಕ್ಷೇಪ. ಇದನ್ನು ಓದಿ ಯೇಸುವೇ ಬಂಡವಾಳಗಾರರ ಪಕ್ಷ ವಹಿಸಿದನೆಂದು ಸಾರುವ ಉಪದೇಶಕರು ಅಮೆರಿಕದಲ್ಲಿ ಹೇರಳವಾಗಿದ್ದಾರೆ. ಸಾಮ್ಯದ ಉಪಮಾನವನ್ನೇ ವಿಧಿಯೆಂದು ತಿಳಿದರೆ, ಕಳ್ಳನು ರಾತ್ರಿ ಬರುವಂತೆ ಕರ್ತನ ದಿನವು ಬರುವುದೆಂಬ ಮಾತಿನಿಂದ ಕಳ್ಳತನಕ್ಕೂ ಸಮ್ಮತಿ ದೊರೆಯಬೇಕಾದೀತು! ಆ ಕಥೆಯು ಹೇಳುವುದು ಇಷ್ಟೆ: ಕೈಯಲ್ಲಿರುವ ಧನವು ಸ್ವಂತದ್ದಲ್ಲ, ಒಪ್ಪಿಸಲ್ಪಟ್ಟದ್ದು, ಅದಕ್ಕೆ ಲೆಕ್ಕ ಕೊಡಬೇಕಾದ ದಿನವೊಂದುಂಟು. ಭಂಡಾರಿಯ ಈ ಭಾವನೆಯೇ ಮುಂದಿನ ಎಲ್ಲ ಚರ್ಚೆಗೂ ತಳಹದಿಯಾಯಿತು.

ಕ್ರಿ. ಶ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಮಹಾಸಭೆಯು ತನ್ನ 17ನೆಯ ನಿಯಮದಿಂದ ಪಾದ್ರಿಗಳು ಬಡ್ಡಿವ್ಯವಹಾರ ಮಾಡುವುದನ್ನು ನಿಷೇಧಿಸಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆಯು ಬಹಿರಂಗವಾಗಿ ಬಡ್ಡಿ ತಿನ್ನುವ ಗೃಹಸ್ಥರಿಗೂ ಪ್ರಭುಭೋಜನವನ್ನೂ ಕ್ರೈಸ್ತ ರೀತಿಯ ಸಮಾಧಿಯನ್ನೂ ನಿರಾಕರಿಸಿತು. ನಿಷೇಧವಿದ್ದರೆ ಸಾಲದು, ಅದಕ್ಕೆ ಯುಕ್ತಿಯೂ ಬೇಕು. ಆ ಯುಕ್ತಿಯನ್ನು ಒದಗಿಸಿದವನು 13ನೆಯ ಶತಮಾನದ ತೋಮಸ ಅಕ್ವಿನಾಸ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಮನೆ ಮನೆಯಾಗಿಯೇ ಉಳಿಯುತ್ತದೆ. ಅದರ ಉಪಯೋಗವನ್ನು ಮಾತ್ರ ಬೇರ್ಪಡಿಸಿ ಬೆಲೆ ಕಟ್ಟಬಹುದು. ದ್ರಾಕ್ಷಾರಸವು ಹಾಗಲ್ಲ, ಅದನ್ನು ಉಪಯೋಗಿಸುವುದೆಂದರೆ ಮುಗಿಸುವುದು. ಹಣವೂ ದ್ರಾಕ್ಷಾರಸದ ಜಾತಿಗೆ ಸೇರಿದ್ದು, ಖರ್ಚೇ ಅದರ ಉಪಯೋಗ. ಆದುದರಿಂದ ಸಾಲ ಕೊಟ್ಟ ಹಣವು ಸಾಲಗಾರನ ಸ್ವತ್ತಾಗಿಬಿಡುತ್ತದೆ. ಅಸಲನ್ನು ಹಿಂದಕ್ಕೆ ಪಡೆದವನು ಅದರ ಮೇಲೆ ಮತ್ತೇನನ್ನಾದರೂ ಕೇಳಿದರೆ, ಇಲ್ಲದ ವಸ್ತುವಿಗೆ ಬೆಲೆ ಕೇಳಿದಂತಾಯಿತು.

ಅಕ್ವಿನಾಸನ ವಿಚಾರದ ಇನ್ನೊಂದು ಮುಖವು ಷೇರಿನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ವರ್ತಕನೊಬ್ಬನಿಗೋ ಕುಶಲಕರ್ಮಿಯೊಬ್ಬನಿಗೋ ಪಾಲುದಾರಿಕೆಯ ರೀತಿಯಲ್ಲಿ ಹಣವನ್ನು ಕೊಟ್ಟಾಗ ಆ ಹಣದ ಒಡೆತನವು ಕೊಟ್ಟವನಲ್ಲಿಯೇ ಉಳಿಯುತ್ತದೆಂದು ಅವನು ವಾದಿಸುತ್ತಾನೆ. ಹಡಗು ಮುಳುಗಿದರೆ ಹೋಗುವುದು ಹಣ ಕೊಟ್ಟವನದೇ. ನಷ್ಟವು ಅವನದಾದುದರಿಂದ ಲಾಭದಲ್ಲೊಂದು ಪಾಲನ್ನು ಕೇಳುವುದೂ ಅವನಿಗೆ ಸಲ್ಲುತ್ತದೆ. ಲಾಭದ ನ್ಯಾಯತೆಗೆ ಆಧಾರವು ಒಡೆತನ. ಒಡೆತನಕ್ಕೆ ಗುರುತು ನಷ್ಟದ ಹೊಣೆ. ಈ ಎರಡನ್ನು ಕಳಚಿ ಹಾಕಿ ಲಾಭವನ್ನು ಮಾತ್ರ ಉಳಿಸಿಕೊಳ್ಳಲು ಹೊರಟರೆ ಅದು ಬಡ್ಡಿಯಾಗುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಠೇವಣಿದಾರನಿಗಿಂತ ಷೇರುದಾರನೇ ಅಕ್ವಿನಾಸನ ಮುಂದೆ ತಲೆಯೆತ್ತಿ ನಿಲ್ಲಬಲ್ಲವನು.

ವರ್ತಕರು ಇದನ್ನು ಚೆನ್ನಾಗಿ ತಿಳಿದುಕೊಂಡರು; ತಿಳಿದುಕೊಂಡು ಸುತ್ತುದಾರಿಯನ್ನೂ ಹುಡುಕಿದರು. ‘ತ್ರಿವಿಧ ಕರಾರು’ ಎಂದು ಪ್ರಸಿದ್ಧವಾದ ಉಪಾಯವೊಂದು 15-16ನೆಯ ಶತಮಾನಗಳಲ್ಲಿ ಬಳಕೆಗೆ ಬಂದಿತು. ಮೊದಲನೆಯ ಕರಾರಿನಿಂದ ಹಣವುಳ್ಳವನು ವರ್ತಕನ ಪಾಲುದಾರನಾಗುವನು. ಎರಡನೆಯದರಿಂದ ತನ್ನ ಲಾಭದ ಒಂದಂಶವನ್ನು ಬಿಟ್ಟುಕೊಟ್ಟು ಅಸಲಿಗೆ ವಿಮೆ ಪಡೆಯುವನು. ಮೂರನೆಯದರಿಂದ ಉಳಿದ ಅನಿಶ್ಚಿತ ಲಾಭವನ್ನು ಮಾರಿ ಅದಕ್ಕಿಂತ ಕಡಮೆಯಾದ ಆದರೆ ನಿಶ್ಚಿತವಾದ ಮೊತ್ತವನ್ನು ಕೊಳ್ಳುವನು. ಬಿಡಿಬಿಡಿಯಾಗಿ ನೋಡಿದರೆ ಮೂರೂ ಧರ್ಮಸಮ್ಮತ; ಕೂಡಿಸಿದರೆ ನೂರಕ್ಕೆ ಐದರ ಬಡ್ಡಿ! ಜರ್ಮನಿಯ ಧರ್ಮಪಂಡಿತ ಯೋಹಾನ್ ಎಕ್ 1515ರಲ್ಲಿ ಬೊಲೋನಾದಲ್ಲಿ ಇದನ್ನು ಸಮರ್ಥಿಸಿ ವಾದಿಸಿದನು. ಅವನ ಬೆನ್ನಿಗೆ ಔಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರಿದ್ದರು. ಪೋಪ್ ಐದನೆಯ ಸಿಕ್ಸ್ಟಸ್ 1586ರಲ್ಲಿ ಇದನ್ನು ಖಂಡಿಸಿದರೂ ಪದ್ಧತಿಯು ನಿಲ್ಲಲಿಲ್ಲ. ಮುಚ್ಚುಮರೆಯ ಈ ಕಸರತ್ತನ್ನು ಕಂಡು ನಗುವವರು ಒಂದು ಮಾತನ್ನು ನೆನೆಯಬೇಕು: ನಿಯಮವನ್ನು ಲೆಕ್ಕಕ್ಕೇ ಇಡದವನು ಇಷ್ಟು ಶ್ರಮ ಪಡುತ್ತಿರಲಿಲ್ಲ.

ನಿಷೇಧವು ಸಡಿಲಗೊಂಡ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ಲೂಥರನು 1524ರಲ್ಲಿ ವ್ಯಾಪಾರ ಮತ್ತು ಬಡ್ಡಿಗಳ ಮೇಲೆ ಕಟುವಾಗಿಯೇ ಬರೆದನು. ಕಾಲ್ವಿನನು 1545ರ ಪತ್ರವೊಂದರಲ್ಲಿ ಮೊದಲ ಬಾರಿಗೆ ಕಟ್ಟನ್ನು ಬಿಚ್ಚಿದನು. ಬಡವನಿಂದ ಬಡ್ಡಿ ಕೂಡದು, ಆದರೆ ಆ ಹಣದಿಂದ ಲಾಭ ಗಳಿಸಬಲ್ಲ ಅನುಕೂಲಸ್ಥನಿಂದ ಮಿತವಾಗಿ ಪಡೆದರೆ ದೋಷವಿಲ್ಲವೆಂಬುದು ಅವನ ನಿಲುವು. ರೋಮಿನ ಸಭೆಯು 1745ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟನ ಪರಿಪತ್ರದ ಮೂಲಕ ಹಳೆಯ ಸಿದ್ಧಾಂತವನ್ನೇ ಎತ್ತಿಹಿಡಿಯಿತಾದರೂ, 1830ರ ದಶಕದಲ್ಲಿ ಮಿತವಾದ ಬಡ್ಡಿ ಪಡೆಯುವವರ ಮನಸ್ಸನ್ನು ಕಲಕಬಾರದೆಂದು ಪಾದ್ರಿಗಳಿಗೆ ಸೂಚಿಸಿತು. 1917ರ ಧರ್ಮಸಂಹಿತೆಯಲ್ಲಿ ಕಾನೂನು ಒಪ್ಪಿದ ಬಡ್ಡಿಗೆ ಎಡೆಯಾಯಿತು. ಹೀಗೆ ಬಡ್ಡಿ ಒಳಗೆ ಬಂದಿತು. ಪಾಲಿನ ಪ್ರಶ್ನೆಯು ಅಷ್ಟರಲ್ಲಿ ಬೇರೊಂದು ರೂಪವನ್ನೇ ತಾಳಿಬಿಟ್ಟಿದ್ದಿತು.

1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲುಗಳನ್ನು ಆಮ್‌ಸ್ಟರ್‌ಡಾಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದಿತು, ಮಾರಬಹುದಾಗಿದ್ದಿತು. ಅಕ್ವಿನಾಸನ ಪಾಲುದಾರನಿಗೆ ತನ್ನ ವರ್ತಕನ ಮುಖಪರಿಚಯವಿದ್ದಿತು. ಈ ಹೊಸ ಪಾಲುದಾರನಿಗೆ ಹಡಗು ಯಾವುದೆಂಬುದೂ ತಿಳಿಯದು. ಆ ಹಡಗುಗಳಾದರೋ ಮೆಣಸು ಲವಂಗಗಳ ಜೊತೆಗೆ ಫಿರಂಗಿಗಳನ್ನೂ ಹೊತ್ತಿದ್ದುವು. ಆಯುಧ ಹಿಡಿಯುವುದನ್ನೇ ಪಾಪವೆಂದೆಣಿಸುವ ಮೆನನೈಟ್ ಪಂಥದವನಾದ ಪೀಟರ್ ಲಿಂಟ್‌ಗೆನ್ಸ್ ಎಂಬ ವರ್ತಕನು ಆ ಕಂಪನಿಯ ದೊಡ್ಡ ಪಾಲುದಾರರಲ್ಲೊಬ್ಬನಾಗಿದ್ದು, ಮೊದಲ ಕೆಲವು ವರ್ಷಗಳಲ್ಲಿಯೇ ಈ ಕಾರಣಕ್ಕಾಗಿ ಹೊರಬಂದನು. ಷೇರುಪೇಟೆಯ ಚರಿತ್ರೆ ಆರಂಭವಾದ ಕಾಲದಲ್ಲಿಯೇ ಮನಸ್ಸಾಕ್ಷಿಗಾಗಿ ಷೇರನ್ನು ಬಿಟ್ಟುಕೊಟ್ಟ ಉದಾಹರಣೆಯೂ ಮೂಡಿತೆಂಬುದು ಗಮನಾರ್ಹ. ಅವನ ತರ್ಕವು ಅಕ್ವಿನಾಸನದರ ಮಗ್ಗುಲಿನದೇ: ಒಡೆಯನಾದುದರಿಂದ ಲಾಭವು ನ್ಯಾಯವಾಗುವುದಾದರೆ, ಒಡೆಯನಾದುದರಿಂದಲೇ ಕಂಪನಿಯ ಕೃತ್ಯಗಳಿಗೂ ಪಾಲಿಗನಾಗಬೇಕಾಗುತ್ತದೆ.

ಈ ತರ್ಕದ ತೂಕವು ಎಷ್ಟೆಂಬುದು ಇಂಗ್ಲೆಂಡಿನ ಸಭೆಗೆ ಮುನ್ನೂರು ವರ್ಷಗಳ ಮೇಲೆ ಅರಿವಾಯಿತು. ಬಡ ಪಾದ್ರಿಗಳ ಜೀವನಕ್ಕಾಗಿ 1704ರಲ್ಲಿ ಏರ್ಪಟ್ಟ ‘ಕ್ವೀನ್ ಆನ್ಸ್ ಬೌಂಟಿ’ ಎಂಬ ನಿಧಿಯು 18ನೆಯ ಶತಮಾನದಲ್ಲಿ ತನ್ನ ಹಣದ ಗಣನೀಯ ಭಾಗವನ್ನು ಸೌತ್ ಸೀ ಕಂಪನಿಯ ವರ್ಷಾಶನ ಪತ್ರಗಳಲ್ಲಿ ತೊಡಗಿಸಿದ್ದಿತು. 1720ರಲ್ಲಿ ಗುಳ್ಳೆಯಂತೆ ಉಬ್ಬಿ ಒಡೆದ ಕಂಪನಿ ಅದೇ. ಸ್ಪೇನಿನ ಅಮೆರಿಕದ ವಸಾಹತುಗಳಿಗೆ ಆಫ್ರಿಕದ ಗುಲಾಮರನ್ನು ಸಾಗಿಸುವ ಗುತ್ತಿಗೆಯೂ 1713ರಿಂದ ಅದರ ಕೈಯಲ್ಲಿದ್ದಿತು. ಆ ನಿಧಿಯ ವಾರಸುದಾರರಾಗಿ 1948ರಲ್ಲಿ ರೂಪುಗೊಂಡ ಚರ್ಚ್ ಕಮಿಷನರರು ಹಳೆಯ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಿ, 2023ರ ಜನವರಿಯಲ್ಲಿ ವರದಿಯನ್ನು ಪ್ರಕಟಿಸಿ, ಪರಿಹಾರ ಕಾರ್ಯಗಳಿಗಾಗಿ 10 ಕೋಟಿ ಪೌಂಡುಗಳನ್ನು ತೆಗೆದಿಡುವುದಾಗಿ ಸಾರಿದರು. ಇದನ್ನು ಆಕ್ಷೇಪಿಸಿದ ಇತಿಹಾಸಕಾರರೂ ಉಂಟು. ವರ್ಷಾಶನ ಪತ್ರಗಳು ವಸ್ತುತಃ ಸರ್ಕಾರದ ಸಾಲಕ್ಕೆ ಸಂಬಂಧಿಸಿದುವು, ಅವುಗಳ ಆದಾಯವು ಗುಲಾಮರ ವ್ಯಾಪಾರದ ಲಾಭದಿಂದ ಬಂದುದಲ್ಲ ಎಂಬುದು ಅವರ ವಾದ. ಬಡ್ಡಿಗೂ ಪಾಲಿಗೂ ಇರುವ ಹಳೆಯ ಭೇದವು ಇಲ್ಲಿ ತಲೆಕೆಳಗಾಗಿ ಮರಳಿ ಬಂದಿರುವುದನ್ನು ವಾಚಕರು ಗಮನಿಸಬಹುದು. ಒಂದು ಕಾಲಕ್ಕೆ ಬಡ್ಡಿಯು ಪಾಪ, ಪಾಲು ನಿರ್ದೋಷಿ. ಈಗ ಪಾಲು ಕಳಂಕಿತ, ಬಡ್ಡಿಯು ನಿರ್ದೋಷಿ! ಸಾಲ ಕೊಟ್ಟವನು ಒಡೆಯನಲ್ಲವಾದುದರಿಂದ ಕಾನೂನಿನ ದೃಷ್ಟಿಯಿಂದ ಆಕ್ಷೇಪಕ್ಕೆ ಬಲವಿದೆ. ಆದರೆ ಯಾವ ಕಂಪನಿಯ ಹೆಸರಿನ ಪತ್ರವೆಂದು ಬಲ್ಲವನಾಗಿಯೇ ಪಾದ್ರಿಗಳ ನಿಧಿಯು ಅದನ್ನು ಕೊಂಡಿತೆಂಬುದನ್ನು ಕಾನೂನು ಅಳಿಸಲಾರದು.

ಕನ್ನಡ ನಾಡಿಗೆ ಈ ವಿಷಯದೊಡನೆ ನೇರವಾದ ಸಂಬಂಧವಿರುವುದು ಬಾಸೆಲ್ ಮಿಶನ್ನಿನ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯನ್ನು ಕನ್ನಡಿಗರು 1843ರ ‘ಮಂಗಳೂರ ಸಮಾಚಾರ’ಕ್ಕಾಗಿಯೂ 1894ರ ಕಿಟ್ಟೆಲ್ ನಿಘಂಟಿಗಾಗಿಯೂ ನೆನೆಯುತ್ತಾರೆ, ಅದರ ಹೆಂಚಿನ ಕಾರ್ಖಾನೆಯನ್ನು ಕರಾವಳಿಯವರು ನೆನೆಯುತ್ತಾರೆ. ಮತಾಂತರ ಹೊಂದಿದವರು ಜಾತಿಯಿಂದಲೂ ಕಸುಬಿನಿಂದಲೂ ಮನೆಯ ಆಸ್ತಿಯಿಂದಲೂ ಹೊರಬೀಳುತ್ತಿದ್ದುದರಿಂದ ಅವರಿಗೆ ಅನ್ನದ ದಾರಿಯನ್ನು ತೋರುವುದು ಮಿಶನ್ನಿಗೆ ಅನಿವಾರ್ಯವಾಯಿತು. 1851ರಲ್ಲಿ ಯೋಹಾನ್ ಹಾಲರ್ ಬಂದು ನೇಯ್ಗೆಯನ್ನು ಸುಧಾರಿಸಿದನು. 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಇವೆಲ್ಲಕ್ಕೂ ಸಾಮಗ್ರಿ ಬೇಕು, ಮಾರಾಟದ ಏರ್ಪಾಡು ಬೇಕು, ಬಂಡವಾಳ ಬೇಕು. ಧರ್ಮಪ್ರಸಾರಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ವ್ಯಾಪಾರದ ನಷ್ಟಲಾಭಗಳಿಗೆ ಒಡ್ಡುವುದು ಯುಕ್ತವೆ? ಸುವಾರ್ತೆ ಸಾರುವ ಕೈಯಿಂದಲೇ ಸರಕು ಮಾರುವುದು ಶೋಭಿಸೀತೆ? ಈ ಪ್ರಶ್ನೆಗಳು ಬಾಸೆಲ್ ನಗರದ ಭಕ್ತವರ್ಗದಲ್ಲಿಯೂ ಇಲ್ಲಿಯ ಮಿಶನರಿಗಳಲ್ಲಿಯೂ ಬಹಳ ಚರ್ಚೆಗೆ ಕಾರಣವಾದುವು.

ಅವರು ಕಂಡುಕೊಂಡ ಪರಿಹಾರವು 1859ರಲ್ಲಿ ಸ್ಥಾಪಿತವಾದ ಮಿಶನ್ ವ್ಯಾಪಾರ ಕಂಪನಿ. ಅದು ಕೂಡು ಬಂಡವಾಳದ ಸಂಸ್ಥೆ. ಬಾಸೆಲಿನ ಧನಿಕ ಭಕ್ತರು ಅದರ ಷೇರುದಾರರು. ಕಾಣಿಕೆಯ ಹುಂಡಿಯೂ ವ್ಯಾಪಾರದ ಪೆಟ್ಟಿಗೆಯೂ ಇದರಿಂದ ಬೇರೆಬೇರೆಯಾದುವು. ಷೇರುದಾರರಿಗೆ ಸಲ್ಲುವ ಲಾಭಾಂಶಕ್ಕೆ ಒಂದು ಮೇಲ್ಮಿತಿಯನ್ನು ಕಟ್ಟಿ, ಮಿಕ್ಕ ಲಾಭದಲ್ಲಿ ಮಿಶನ್ನಿಗೆ ಪಾಲನ್ನು ಮೀಸಲಿಟ್ಟರು. ಹಣ ತೊಡಗಿಸಿದವನಿಗೆ ನ್ಯಾಯವಾದ ಪ್ರತಿಫಲ ಉಂಟು, ಆದರೆ ಮಿತಿಯಿಲ್ಲದ ಆಸೆಗೆ ಅಲ್ಲಿ ತಾವಿಲ್ಲ. ಇದೇ ಕಂಪನಿಯು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿಯೂ ವ್ಯಾಪಾರ ನಡೆಸಿತು. ಅಲ್ಲಿ ಯೂರೋಪಿನ ಇತರ ವರ್ತಕರಿಗೆ ಹೇರಳವಾದ ಲಾಭ ತರುತ್ತಿದ್ದ ಮದ್ಯವನ್ನೂ ಆಯುಧಗಳನ್ನೂ ಮಾರಲು ಅದು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ 1855ರಲ್ಲಿಯೂ ಭಾರತದಲ್ಲಿ 1857ರಲ್ಲಿಯೂ ಮಿತ ಹೊಣೆಗಾರಿಕೆಯ ಕಾನೂನು ಬಂದು, ಷೇರುದಾರನು ಕೊಟ್ಟ ಹಣಕ್ಕಿಂತ ಹೆಚ್ಚಿನ ಯಾವ ಹೊಣೆಯನ್ನೂ ಹೊರಬೇಕಾಗಿಲ್ಲವೆಂದು ಸಾರುತ್ತಿದ್ದ ಕಾಲ ಅದು. ಹೊಣೆಗೆ ಮಿತಿ ಕಟ್ಟಿದ ಆ ಯುಗದಲ್ಲಿ ಲಾಭಕ್ಕೂ ಮಿತಿ ಕಟ್ಟಿದವರು ಎಷ್ಟು ಮಂದಿ ಸಿಕ್ಕಾರು?

ಬಾಸೆಲ್ ಮಿಶನ್ನಿನ ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಒಂದೇ ಸಂಸ್ಥೆಯು ಗುರುವೂ ಧಣಿಯೂ ಆದಾಗ ಕೂಲಿಯಾಳಿನ ಸ್ವಾತಂತ್ರ್ಯಕ್ಕೆ ಬರುವ ಕುಂದು ಅಲ್ಲಿಯೂ ಬಂದಿತು. 1914ರ ಯುದ್ಧವು ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಬಂಧಿತರಾದರು. ಕಾರ್ಖಾನೆಗಳು ಸರ್ಕಾರದ ವಶವಾಗಿ, ಯುದ್ಧದ ತರುವಾಯ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದುವು. ಮಂಗಳೂರಿನ ಕೆಥೊಲಿಕರು ಹಿಡಿದ ಹಾದಿ ಬೇರೆ. 1912ರಲ್ಲಿ ಅವರು ಕಟ್ಟಿಕೊಂಡ ಸಹಕಾರಿ ಬ್ಯಾಂಕು ಇಂದಿಗೂ ನಡೆಯುತ್ತಿದೆ. ಷೇರು ಎಷ್ಟೇ ಇರಲಿ ಸದಸ್ಯನಿಗೆ ಒಂದೇ ಮತ, ಲಾಭಾಂಶಕ್ಕೆ ಮಿತಿ ಎಂಬ ಸಹಕಾರ ತತ್ತ್ವವು ಬಾಸೆಲಿನವರ ಯೋಚನೆಗೆ ದೂರದ ನಂಟು.

ವರ್ಜ್ಯ ವ್ಯಾಪಾರಗಳ ಪಟ್ಟಿಯನ್ನು ಮಾಡುವ ಪದ್ಧತಿಯು ಬಾಸೆಲಿನವರಿಗಿಂತ ಹಳೆಯದು. ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆಯು 1758ರಲ್ಲಿ ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ಸಭೆಯ ವ್ಯವಹಾರಗಳಿಂದ ಹೊರಗಿಟ್ಟಿತು. ಮೆಥಡಿಸ್ಟ್ ಪಂಥದ ಸ್ಥಾಪಕನಾದ ಜಾನ್ ವೆಸ್ಲಿಯು ಹಣದ ಉಪಯೋಗವನ್ನು ಕುರಿತು 1760ರಲ್ಲಿ ಪ್ರಕಟಿಸಿದ ಪ್ರಸಂಗದಲ್ಲಿ ಗಳಿಕೆಯನ್ನು ಹೀಗಳೆಯಲಿಲ್ಲ. ನೆರೆಯವನ ದೇಹಕ್ಕೆ, ಸೊತ್ತಿಗೆ, ಆತ್ಮಕ್ಕೆ ಕೇಡು ತರುವ ಗಳಿಕೆಯನ್ನು ಮಾತ್ರ ನಿಷೇಧಿಸಿದನು. ಭಟ್ಟಿ ಸಾರಾಯಿಯ ವ್ಯಾಪಾರವು ಅವನ ಕೋಪಕ್ಕೆ ವಿಶೇಷವಾಗಿ ಗುರಿಯಾಯಿತು. ಗಳಿಸಿ ಉಳಿಸಿದುದನ್ನು ಕೊಟ್ಟುಬಿಡಬೇಕೆಂಬ ಮೂರನೆಯ ಮಾತನ್ನು ಅವನು ಎಲ್ಲಕ್ಕಿಂತ ಮುಖ್ಯವೆಂದೆಣಿಸಿದ್ದನು. ಅನುಯಾಯಿಗಳು ಮೊದಲೆರಡನ್ನು ಚೆನ್ನಾಗಿ ಕಲಿತು ಮೂರನೆಯದನ್ನು ಮರೆತರೆಂದು ಮುಪ್ಪಿನಲ್ಲಿ ಅವನೇ ಹಲುಬಿದುದುಂಟು. 1971ರಲ್ಲಿ ಅಮೆರಿಕದ ಮೆಥಡಿಸ್ಟ್ ಸಭೆಯೊಡನೆ ಸಂಬಂಧವಿದ್ದ ಲೂಥರ್ ಟೈಸನ್ ಮತ್ತು ಜ್ಯಾಕ್ ಕಾರ್ಬೆಟ್ ಎಂಬವರು ವಿಯಟ್ನಾಂ ಯುದ್ಧದ ಸಾಮಗ್ರಿ ಮಾಡುವ ಕಂಪನಿಗಳನ್ನು ಬಿಟ್ಟು ಉಳಿದುವುಗಳಲ್ಲಿ ಹಣ ತೊಡಗಿಸುವ ‘ಪ್ಯಾಕ್ಸ್ ವರ್ಲ್ಡ್’ ಎಂಬ ಮ್ಯೂಚುಯಲ್ ಫಂಡನ್ನು ತೆರೆದರು.

ಅದೇ 1971ರಲ್ಲಿ ಇದಕ್ಕೆ ಎದುರಾದ ಇನ್ನೊಂದು ದಾರಿಯೂ ತೆರೆಯಿತು. ಅಮೆರಿಕದ ಎಪಿಸ್ಕೋಪಲ್ ಸಭೆಯು ಜನರಲ್ ಮೋಟರ್ಸ್ ಕಂಪನಿಯ ಷೇರುಗಳನ್ನು ಮಾರಿ ಕೈತೊಳೆದುಕೊಳ್ಳಲಿಲ್ಲ. ಷೇರುದಾರನ ಹಕ್ಕಿನಿಂದಲೇ ವಾರ್ಷಿಕ ಮಹಾಸಭೆಯಲ್ಲಿ, ವರ್ಣದ್ವೇಷದ ದಕ್ಷಿಣ ಆಫ್ರಿಕದಿಂದ ಕಂಪನಿಯು ಹೊರಬರಬೇಕೆಂಬ ಗೊತ್ತುವಳಿಯನ್ನು ಮಂಡಿಸಿತು. ಗೊತ್ತುವಳಿಯು ಬಿದ್ದುಹೋಯಿತು, ಬೀಳುವುದೆಂದು ಮಂಡಿಸಿದವರಿಗೂ ಗೊತ್ತಿದ್ದಿತು. ಆದರೆ ಆ ವರ್ಷವೇ ಕಂಪನಿಯ ನಿರ್ದೇಶಕ ಮಂಡಲಿಗೆ ಸೇರಿದ್ದ ಬ್ಯಾಪ್ಟಿಸ್ಟ್ ಪಾದ್ರಿ ಲಿಯೋನ್ ಸಲಿವನ್ ಮಂಡಲಿಯ ಇಚ್ಛೆಗೆ ವಿರುದ್ಧವಾಗಿ ಅದನ್ನು ಬೆಂಬಲಿಸಿದನು. 1977ರಲ್ಲಿ ದಕ್ಷಿಣ ಆಫ್ರಿಕದ ಅಮೆರಿಕನ್ ಕಂಪನಿಗಳಿಗಾಗಿ ಅವನು ರೂಪಿಸಿದ ನಿಯಮಾವಳಿಯು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. 1986ರಲ್ಲಿ ಆ ಕಂಪನಿಯು ಅಲ್ಲಿಯ ಕಾರ್ಖಾನೆಯನ್ನು ಮಾರಲು ನಿಶ್ಚಯಿಸಿತು. ಬಿಟ್ಟು ಹೋಗುವುದು ಮೇಲೋ, ಒಳಗಿದ್ದು ಮಾತಾಡುವುದು ಮೇಲೋ ಎಂಬ ವಿವಾದಕ್ಕೆ ಒಂದೇ ಉತ್ತರವಿಲ್ಲ. ಬಿಟ್ಟವನ ಷೇರನ್ನು ಇನ್ನೊಬ್ಬನು ಕೊಳ್ಳುತ್ತಾನೆ, ಕಂಪನಿಗೆ ಕೂದಲೂ ಕೊಂಕದು. ಒಳಗಿರುವವನಾದರೋ ಮಾತಾಡುವೆನೆಂಬ ನೆಪದಲ್ಲಿ ಡಿವಿಡೆಂಡನ್ನು ಮಾತ್ರ ಎಣಿಸಿಕೊಳ್ಳುತ್ತ ಕುಳಿತರೂ ಕುಳಿತಾನು. ಹೆಂಡದ ಕಂಪನಿಗೆ ಹೆಂಡ ಮಾರಬೇಡವೆಂದು ಒಳಗಿನಿಂದ ಹೇಳುವುದರಲ್ಲಿ ಅರ್ಥವಿಲ್ಲ. ಮೋಟಾರು ಕಂಪನಿಗೆ ಇಂಥ ದೇಶದಲ್ಲಿ ವ್ಯಾಪಾರ ಬೇಡವೆಂದು ಹೇಳುವುದರಲ್ಲಿ ಅರ್ಥವುಂಟು.

ಇದೇ ದಕ್ಷಿಣ ಆಫ್ರಿಕದ ಪ್ರಶ್ನೆಯು ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಮೆಟ್ಟಲನ್ನೇರಿತು. ಆಕ್ಸ್‌ಫರ್ಡಿನ ಬಿಷಪ್ ರಿಚರ್ಡ್ ಹ್ಯಾರೀಸ್ ಚರ್ಚ್ ಕಮಿಷನರರ ಮೇಲೆಯೇ ದಾವೆ ಹೂಡಿ, ಲಾಭ ಕಡಮೆಯಾದರೂ ಕ್ರೈಸ್ತ ಧರ್ಮಕ್ಕೆ ಒಗ್ಗುವಂತೆ ಹಣ ತೊಡಗಿಸಬೇಕೆಂದು ಘೋಷಿಸಬೇಕೆಂದು ಕೋರಿದನು. ಕಮಿಷನರರು ಆಯುಧ, ಜೂಜು, ಮದ್ಯ, ತಂಬಾಕು ಮೊದಲಾದುವುಗಳನ್ನು ಆಗಲೇ ವರ್ಜಿಸಿದ್ದರು. ಅದರಿಂದ ಷೇರುಪೇಟೆಯ ಮೌಲ್ಯದಲ್ಲಿ ನೂರಕ್ಕೆ 13ರಷ್ಟು ಹೊರಗುಳಿಯುತ್ತಿತ್ತು. ಬಿಷಪ್ಪನ ಕೋರಿಕೆಯಂತೆ ನಡೆದರೆ ಅದು 37ಕ್ಕೆ ಏರುತ್ತಿತ್ತು. 1991ರಲ್ಲಿ ನ್ಯಾಯಾಧೀಶ ಸರ್ ಡೊನಾಲ್ಡ್ ನಿಕೋಲ್ಸ್ ದಾವೆಯನ್ನು ತಳ್ಳಿಹಾಕಿದನು. ಧರ್ಮಸಂಸ್ಥೆಯ ಟ್ರಸ್ಟಿಗಳು ಸಾಮಾನ್ಯವಾಗಿ ಹೆಚ್ಚಿನ ಪ್ರತಿಫಲವನ್ನೇ ಗುರಿಯಾಗಿಟ್ಟುಕೊಳ್ಳಬೇಕು. ಸಂಸ್ಥೆಯ ಉದ್ದೇಶಕ್ಕೇ ನೇರ ವಿರೋಧವಿದ್ದ ಕಡೆ ಮಾತ್ರ ವಿನಾಯಿತಿ, ಕ್ವೇಕರರು ಆಯುಧದ ಕಂಪನಿಯ ಷೇರನ್ನು ಬಿಡುವಂತೆ, ಎಂದು ಅವನ ತೀರ್ಪು. ಅನ್ಯರ ಹಣವನ್ನು ಕಾಯುವವನಿಗೆ ತನ್ನ ಮನಸ್ಸಾಕ್ಷಿಯನ್ನು ಅವರ ಖರ್ಚಿನಲ್ಲಿ ಸಲಹುವ ಹಕ್ಕು ಎಷ್ಟು ಎಂಬ ಕ್ಲಿಷ್ಟವಾದ ಪ್ರಶ್ನೆ ಇದರಲ್ಲಿ ಅಡಗಿದೆ. ನಿವೃತ್ತ ಪಾದ್ರಿಯ ಪಿಂಚಣಿ ಆ ಹಣದಿಂದಲೇ ಬರಬೇಕಲ್ಲವೆ?

ಪಟ್ಟಿ ಎಷ್ಟೇ ಎಚ್ಚರಿಕೆಯಿಂದ ಮಾಡಿದರೂ ಕಣ್ತಪ್ಪಿ ಹೋಗುವುದುಂಟು. 2013ರ ಜುಲೈನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯು ‘ವೊಂಗಾ’ ಎಂಬ ಕೈಸಾಲದ ಕಂಪನಿಯ ಮೇಲೆ ಸಮರ ಸಾರಿದನು. ಸಂಬಳದ ದಿನದ ತನಕ ಕೊಡುವ ಅದರ ಸಾಲದ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ಹಿಡಿದರೆ ನೂರಕ್ಕೆ 5,000ವನ್ನು ಮೀರುತ್ತಿತ್ತು. ಸಭೆಯ ಆಶ್ರಯದಲ್ಲಿ ಪರಸ್ಪರ ಸಹಾಯದ ಸಾಲಸಂಘಗಳನ್ನು ಬೆಳೆಸಿ ಆ ಕಂಪನಿಗೆ ಗಿರಾಕಿಗಳೇ ಇಲ್ಲದಂತೆ ಮಾಡುವೆನೆಂದು ಅವನ ಸಂಕಲ್ಪ. ಮರುದಿನದ ಪತ್ರಿಕೆಗಳಲ್ಲಿ ಬಂದ ಸುದ್ದಿ: ಇಂಗ್ಲೆಂಡಿನ ಸಭೆಯ ಹಣವೂ ಸಾಹಸ ಬಂಡವಾಳದ ನಿಧಿಯೊಂದರ ಮೂಲಕ ಅದೇ ವೊಂಗಾದಲ್ಲಿ ಸೇರಿದ್ದಿತು! ಮೊತ್ತವು ಸಭೆಯ ಸಂಪತ್ತಿನ ಮುಂದೆ ತೀರ ಅಲ್ಪ, ಸುಮಾರು 75,000 ಪೌಂಡು. ವೆಲ್ಬಿಯು ಮುಜುಗರವನ್ನು ಮುಚ್ಚಿಡಲಿಲ್ಲ. ಆ ಪಾಲನ್ನು ಬಿಡಿಸಿಕೊಳ್ಳುವುದಕ್ಕೆ ಒಂದು ವರ್ಷ ಹಿಡಿಯಿತು. 2018ರಲ್ಲಿ ಕಂಪನಿಯೇ ದಿವಾಳಿಯಾಯಿತು. ಅಕ್ವಿನಾಸನ ಪಾಲುದಾರನಿಗೂ ಅವನ ಹಣಕ್ಕೂ ನಡುವೆ ಒಬ್ಬ ವರ್ತಕನಿದ್ದನು. ವೆಲ್ಬಿಯ ಸಭೆಗೂ ಅದರ ಹಣಕ್ಕೂ ನಡುವೆ ಎಷ್ಟು ಗೋಡೆಗಳಿದ್ದುವೆಂಬುದು ಗೋಡೆ ಬಿದ್ದಾಗಲೇ ತಿಳಿಯಿತು.

ರೋಮಿನ ಅನುಭವವು ಇದಕ್ಕಿಂತ ಕಹಿಯಾದುದು. 1929ರ ಲ್ಯಾಟರನ್ ಒಪ್ಪಂದದಿಂದ ಇಟಲಿಯು ಪೋಪರಿಗೆ 75 ಕೋಟಿ ಲಿರಾ ನಗದನ್ನೂ 100 ಕೋಟಿ ಲಿರಾ ಸಾಲಪತ್ರಗಳನ್ನೂ ಕೊಟ್ಟಿತು. ಬರ್ನಾರ್ಡಿನೊ ನೊಗಾರಾ ಎಂಬ ಎಂಜಿನಿಯರನು ಅದನ್ನು ಷೇರು, ಸಾಲಪತ್ರ, ಭೂಮಿ, ಚಿನ್ನಗಳಲ್ಲಿ ಹರಡಿ ಬೆಳೆಸಿದನು. 1982ರಲ್ಲಿ ಆಂಬ್ರೋಸಿಯಾನೊ ಬ್ಯಾಂಕು ಕುಸಿದಾಗ ವ್ಯಾಟಿಕನ್ ಬ್ಯಾಂಕಿನ ಹೆಸರೂ ಅದರಲ್ಲಿ ಸಿಲುಕಿತು. ತಪ್ಪನ್ನು ಒಪ್ಪಿಕೊಳ್ಳದೆಯೇ 1984ರಲ್ಲಿ ಸಾಲಿಗರಿಗೆ ಸುಮಾರು 24 ಕೋಟಿ ಡಾಲರುಗಳನ್ನು ತೆರಬೇಕಾಯಿತು. ‘ಮೆನ್ಸುರಾಂ ಬೋನಂ’ ಎಂಬ ಹೂಡಿಕೆದಾರರ ಕೈಪಿಡಿಯು ವ್ಯಾಟಿಕನ್ನಿನಿಂದ ಹೊರಬಂದುದು 2022ರಲ್ಲಿ. ಅದರ ಹೆಸರು ಲೂಕನ ಸುವಾರ್ತೆಯ ತುಂಬಿದ ಅಳತೆಯನ್ನು ನೆನಪಿಸುತ್ತದೆ.

ಇಷ್ಟರ ಮೇಲೆ ಜೂಜಿನ ಪ್ರಶ್ನೆಯೊಂದು ಉಳಿಯುತ್ತದೆ. ಆರಂಭದಲ್ಲಿ ಹೇಳಿದ ಸಂಕೋಚಕ್ಕೆ ಆಧಾರವಿಲ್ಲದೆ ಇಲ್ಲ. ಆದರೆ ಅದು ತಪ್ಪು ಗುರಿಯತ್ತ ತಿರುಗಿದೆ. ಕಂಪನಿಯ ಪಾಲನ್ನು ಕೊಂಡು ಹತ್ತು ಹದಿನೈದು ವರ್ಷ ಇಟ್ಟುಕೊಂಡವನ ಲಾಭವು ಆ ಕಂಪನಿಯು ಮಾಡಿದ ಸರಕಿನಿಂದ, ಸಲ್ಲಿಸಿದ ಸೇವೆಯಿಂದ ಹುಟ್ಟುತ್ತದೆ. ಅವನು ಗೆದ್ದುದಕ್ಕಾಗಿ ಇನ್ನೊಬ್ಬನು ಸೋಲಬೇಕಾಗಿಲ್ಲ. ಬೆಲೆಯ ಏರಿಳಿತದ ಮೇಲೆ ಪಣವೊಡ್ಡುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರದ ಸ್ವರೂಪವೇ ಬೇರೆ. ಬೆಳೆಯ ಬೆಲೆ ಕುಸಿದೀತೆಂದು ಹೆದರುವ ರೈತನಿಗೆ, ಡಾಲರಿನ ಬೆಲೆ ಬಿದ್ದೀತೆಂದು ಹೆದರುವ ರಫ್ತುದಾರನಿಗೆ ಅದು ಕೊಡೆಯಾಗಬಲ್ಲುದು. ಕಾಯಬೇಕಾದುದೇನೂ ಇಲ್ಲದವನು ಅದಕ್ಕೆ ಇಳಿದರೆ, ಒಬ್ಬನ ಕಿಸೆಯಿಂದ ಹೋದುದೇ ಇನ್ನೊಬ್ಬನ ಕಿಸೆಗೆ ಬರಬೇಕು. ನಡುವೆ ದಲ್ಲಾಳಿಯ ಪಾಲು ಬೇರೆ. ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರಕ್ಕೆ ಕೈಹಾಕಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿದ್ದಿತು. ಗೆದ್ದವರು ಬಹುಮಟ್ಟಿಗೆ ಯಂತ್ರಗಣಿತದ ನೆರವಿನಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು. ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯವು ಎಚ್ಚರಿಸುವುದು ಹಣದ ಬಗೆಗಲ್ಲ, ಹಣದಾಸೆಯ ಬಗೆಗೆ. ಬೆಳಗಿನ ಪ್ರಾರ್ಥನೆಗೆ ಮೊದಲು ಬೆಲೆಯ ಪಟ್ಟಿಯನ್ನು ನೋಡುವವನ ಕೈಯಲ್ಲಿರುವುದು ಅತ್ಯಂತ ನಿರ್ದೋಷವಾದ ಕಂಪನಿಯ ಷೇರಾದರೂ ಆ ಎಚ್ಚರಿಕೆ ಅವನಿಗೆ ತಪ್ಪಿದ್ದಲ್ಲ.

ಭಾರತದ ಕ್ರೈಸ್ತ ಸಂಸ್ಥೆಗಳಿಗೆ ಈ ವಿಷಯದಲ್ಲಿ ಸ್ವಾತಂತ್ರ್ಯವು ಕಡಮೆ. 1961ರ ಆದಾಯ ತೆರಿಗೆ ಕಾಯಿದೆಯ 11ನೆಯ ಕಲಮಿನ 5ನೆಯ ಉಪಕಲಮು ಧರ್ಮಾರ್ಥ ಟ್ರಸ್ಟುಗಳು ಹಣವಿಡಬಹುದಾದ ಜಾಗಗಳನ್ನು ಒಂದೊಂದಾಗಿ ಹೆಸರಿಸಿತು; ಖಾಸಗಿ ಕಂಪನಿಗಳ ಷೇರುಗಳಿಗೆ ನೇರವಾಗಿ ಹಣ ಹಾಕಲು ಅದರಲ್ಲಿ ಸಾಮಾನ್ಯವಾಗಿ ಎಡೆಯಿರಲಿಲ್ಲ. ವಿದೇಶಗಳಿಂದ ಬಂದ ದೇಣಿಗೆಯನ್ನು ಕುರಿತ 2010ರ ಕಾಯಿದೆಯು ಸಟ್ಟಾ ವ್ಯವಹಾರವನ್ನು ನಿಷೇಧಿಸಿತು. 2011ರ ನಿಯಮಗಳು ಷೇರು ಮತ್ತು ಮ್ಯೂಚುಯಲ್ ಫಂಡುಗಳನ್ನೂ ಸಟ್ಟಾದ ವ್ಯಾಖ್ಯೆಯೊಳಕ್ಕೇ ಸೇರಿಸಿದುವು. ಆದುದರಿಂದ ಇಂಗ್ಲೆಂಡಿನಲ್ಲಿ ಬಿಷಪ್ಪರಿಗೂ ಕಮಿಷನರರಿಗೂ ನಡೆದ ವಿವಾದವು ಇಲ್ಲಿ ಗೃಹಸ್ಥನ ಹೃದಯದಲ್ಲಿ ನಡೆಯಬೇಕಾಗಿದೆ.

ಆ ಗೃಹಸ್ಥನು ಮುಂಬಯಿಯಲ್ಲಿದ್ದರೂ ದಲಾಲ್ ಸ್ಟ್ರೀಟಿನತ್ತ ಸುಳಿಯದವನಾಗಿರಬಹುದು. ಆದರೂ ಸಂಬಳ ಪಡೆಯುವವನಾದರೆ ಅವನಿಗರಿವಿಲ್ಲದೆಯೇ ಅವನೂ ಷೇರುದಾರ. ನೌಕರರ ಭವಿಷ್ಯನಿಧಿಗೆ ಬರುವ ಹೊಸ ಹಣದ ಒಂದು ಭಾಗವನ್ನು 2015ರ ಆಗಸ್ಟಿನಿಂದ ಷೇರುಪೇಟೆಯ ಸೂಚ್ಯಂಕವನ್ನು ಅನುಸರಿಸುವ ಫಂಡುಗಳಲ್ಲಿ ತೊಡಗಿಸುತ್ತ ಬಂದಿದ್ದಾರೆ. ಸೂಚ್ಯಂಕವು ಸರಕು ನೋಡುವುದಿಲ್ಲ, ಗಾತ್ರ ನೋಡುತ್ತದೆ. ಸಿಗರೇಟು ಮಾಡುವ ಕಂಪನಿಯೂ ಔಷಧಿ ಮಾಡುವ ಕಂಪನಿಯೂ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಬಂಡವಾಳವನ್ನು ಏಳೆಂಟು ಕಡೆ ಹಂಚಬೇಕೆಂದು ಪ್ರಸಂಗಿಯ 11ನೆಯ ಅಧ್ಯಾಯವನ್ನು ತೋರಿಸಿ ಸಲಹೆ ನೀಡುವ ಕ್ರೈಸ್ತ ಹಣಕಾಸು ಲೇಖಕರು ಈ ಹಂಚಿಕೆಯನ್ನು ಕೊಂಡಾಡುತ್ತಾರೆ. ಲಿಂಟ್‌ಗೆನ್ಸನಿಗೆ ಒಂದು ಕಂಪನಿಯಿಂದ ಹೊರಬರುವುದು ಸಾಧ್ಯವಾಯಿತು. ಐವತ್ತು ಕಂಪನಿಗಳ ಕಂತೆಯನ್ನು ಒಟ್ಟಿಗೆ ಕೊಂಡವನಿಗೆ ಒಂದನ್ನು ಮಾತ್ರ ಹೆಕ್ಕಿ ಹೊರಗೆಸೆಯುವುದು ಸಾಧ್ಯವಿಲ್ಲ. ಭವಿಷ್ಯನಿಧಿಯ ವಿಷಯದಲ್ಲಂತೂ ಅವನನ್ನು ಕೇಳುವವರೇ ಇಲ್ಲ.

ಸ್ವಂತ ಇಚ್ಛೆಯಿಂದ ಮ್ಯೂಚುಯಲ್ ಫಂಡಿನಲ್ಲಿ ಹಣವಿಟ್ಟವನಿಗೆ ಮಾತ್ರ ಒಂದು ಕಿಂಡಿ ತೆರೆದಿದೆ. ತಾವು ಷೇರು ಹೊಂದಿರುವ ಕಂಪನಿಗಳ ಮಹಾಸಭೆಗಳಲ್ಲಿ ಎಲ್ಲ ಗೊತ್ತುವಳಿಗಳ ಮೇಲೂ ಫಂಡುಗಳು ಮತ ಚಲಾಯಿಸಲೇಬೇಕೆಂದು ಸೆಬಿಯು 2021ರ ಮಾರ್ಚಿನಲ್ಲಿ ಆಜ್ಞೆ ಹೊರಡಿಸಿತು. 2022ರ ಏಪ್ರಿಲಿನಿಂದ ಅದು ಪೂರ್ತಿಯಾಗಿ ಜಾರಿಗೆ ಬಂದಿತು. ಯಾವ ಗೊತ್ತುವಳಿಗೆ ಪರವಾಗಿ, ಯಾವುದಕ್ಕೆ ವಿರೋಧವಾಗಿ, ಯಾವ ಕಾರಣಕ್ಕಾಗಿ ಮತ ಹಾಕಿದರೆಂಬುದನ್ನು ಅವರು ಪ್ರಕಟಿಸಬೇಕು. ಆ ಪಟ್ಟಿಯು ಯಾರಿಗೆ ಬೇಕಾದರೂ ದೊರೆಯುತ್ತದೆ. ಅದನ್ನು ಓದಿ ಫಂಡಿನವರಿಗೆ ಪತ್ರ ಬರೆಯುವ ಷೇರುದಾರರು ಇನ್ನೂ ವಿರಳ.